ಉಂಡ ಮನೆಯ ಜಂತೆ

2019ರ ಏಪ್ರಿಲ್ 19. ರಾತ್ರಿ ಒಂಬತ್ತು ದಾಟಿತ್ತು, ತಟ್ಟೆ ಮುಂದೆ ಕೂತಿದ್ದೆ. ಪಕ್ಕದಲ್ಲಿಟ್ಟಿದ್ದ ಮೊಬೈಲು ಗುಂಯ್ ಅಂತು. ಜಿಎಸ್‌ಟಿ ಪೋರ್ಟಲಿನ ಓಟಿಪಿ, ಆರು ಅಂಕಿ. ತುತ್ತು ಬಾಯಿಗಿಡುವಷ್ಟರಲ್ಲಿ ಹಳೇ ಆಫೀಸಿನ ಹುಡುಗನ ಫೋನು.

"ಅಣ್ಣಾ, ಬಂತಾ?"

"ಬಂತು. ಬರ್ಕೋ."

ಹೇಳಿದೆ, ಅವನು ಒತ್ತಿದ, "ಆಯ್ತಣ್ಣಾ" ಅಂದು ಇಟ್ಟ. ಆ ಆಫೀಸು ಬಿಟ್ಟು ನನಗೆ ಹತ್ತೊಂಬತ್ತು ದಿನ ಆಗಿತ್ತು.

ಇದು ಅರ್ಥ ಆಗಬೇಕಾದರೆ ನಮ್ಮ ಲೈನಿನ ಒಂದು ಕೊಳಕು ಅಭ್ಯಾಸ ಹೇಳಬೇಕು. 2017ರಲ್ಲಿ ವ್ಯಾಟ್‌ನಿಂದ ಜಿಎಸ್‌ಟಿಗೆ ದಾಟುವಾಗ ಶಿವಮೊಗ್ಗದ ಎಷ್ಟೋ ವ್ಯಾಪಾರಿಗಳಿಗೆ ಇಮೇಲ್ ಇರಲಿಲ್ಲ, ಮೊಬೈಲಿಗೆ ಬಂದ ಮೆಸೇಜು ಓದುವ ತಾಳ್ಮೆಯಂತೂ ಮೊದಲೇ ಇರಲಿಲ್ಲ. "ನಿಂದೇ ನಂಬರ್ ಹಾಕ್ಕೋ ಮಾರಾಯ, ಆ ತಲೆನೋವು ನನಗೆ ಬೇಡ" ಅನ್ನುತ್ತಿದ್ದರು. ಹಾಗೆ ಎಂಟು ಪಾರ್ಟಿಗಳ ನೋಂದಣಿಗೆ ನನ್ನ ಸ್ವಂತ ನಂಬರು ಹೋಯಿತು. ಪಾರ್ಟಿ ಅಂದರೆ ಕುಣಿತದ ಪಾರ್ಟಿ ಅಲ್ಲ. ಆಡಿಟರ್ ಆಫೀಸಿನಲ್ಲಿ ಗಿರಾಕಿ ಅನ್ನಲ್ಲ, ಕಕ್ಷಿದಾರ ಅನ್ನಲ್ಲ, ಪಾರ್ಟಿ ಅನ್ನುತ್ತೇವೆ. ಈಗ ರಿಟರ್ನಿಗೆ ಸಹಿ ಅಂದರೆ ಪೆನ್ನಲ್ಲ, ಓಟಿಪಿ. 11ಕ್ಕೆ ಒನ್ ಅನ್ನುವ ಮಾರಾಟದ ರಿಟರ್ನು, 20ಕ್ಕೆ ತ್ರೀ-ಬಿ ಅನ್ನುವ ತೆರಿಗೆ ಕಟ್ಟುವ ರಿಟರ್ನು. ತಿಂಗಳಿಗೆ ಎರಡು ಸಲ ಎಂಟು ವ್ಯಾಪಾರಿಗಳ ಸಹಿ ನನ್ನ ಅಂಗಿ ಜೇಬಿಗೆ ಬಂದು ಬೀಳುತ್ತಿತ್ತು.

ಅದೇ ಹೊತ್ತಿಗೆ ನನ್ನ ಬೀರುವಿನಲ್ಲಿ ಮದುವೆ ಸೀರೆಗಳ ಕೆಳಗೆ ಒಂದು ಛಾಪಾ ಕಾಗದದ ಜೆರಾಕ್ಸು ಇತ್ತು. ಅದರ ಪ್ರಕಾರ ಆ ಎಂಟು ಪಾರ್ಟಿ ಮಾತ್ರ ಅಲ್ಲ, ಆಫೀಸಿನ ಯಾವ ಪಾರ್ಟಿಯ ಕೆಲಸವನ್ನೂ ನಾನು ಮೂರು ವರ್ಷ ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ಐದು ಲಕ್ಷ. ಮುಟ್ಟಬೇಡ ಅಂತ ಬರೆಸಿಕೊಂಡವರೇ ತಿಂಗಳಿಗೆ ಎರಡು ಸಲ ಫೋನ್ ಮಾಡಿ ಮುಟ್ಟಿಸುತ್ತಿದ್ದರು.

ಆ ಕಾಗದ ಬಂದದ್ದು 2012ರಲ್ಲಿ. ನಮಗಿಂತ ಸೀನಿಯರ್ ಒಬ್ಬ ಕೆಲಸ ಬಿಟ್ಟು ಹೋಗುವಾಗ ಹನ್ನೆರಡು ಪಾರ್ಟಿ ಅವನ ಹಿಂದೆ ಹೋದವು. ಮಾರನೇ ವಾರವೇ ಆಫೀಸಿನ ಮಾಲೀಕರಾದ ಸರ್, ಕೋರ್ಟಿನ ಹತ್ತಿರದ ಬಾಂಡ್ ರೈಟರ್ ಕೈಲಿ ಏಳು ಪ್ರತಿ ಟೈಪು ಮಾಡಿಸಿ ತಂದರು, ಒಬ್ಬೊಬ್ಬರಿಗೆ ನೂರು ರೂಪಾಯಿಯ ಒಂದೊಂದು ಕಾಗದ. "ನಾನು ಈ ದಿವಸ ನನ್ನ ರಾಜಿಖುಷಿಯಿಂದ ಯಾರ ಒತ್ತಾಯವೂ ಇಲ್ಲದೆ ಬರೆಸಿಕೊಟ್ಟ ಕರಾರು ಪತ್ರದ ವಿವರವೇನೆಂದರೆ" ಅಂತ ಶುರು. ರಾಜಿಖುಷಿ ಅನ್ನುವ ಪದ ಎಲ್ಲಿ ಕಂಡರೂ ಅಲ್ಲಿ ರಾಜಿಯೂ ಇರಲ್ಲ ಖುಷಿಯೂ ಇರಲ್ಲ ಅಂತ ನನಗೆ ಆಗಲೇ ಗೊತ್ತಾಗಬೇಕಿತ್ತು. ಪಾರ್ಟಿಯ ಬಿಲ್ಲಿನಲ್ಲಿ ಒಂದು ಸೊನ್ನೆ ಹೆಚ್ಚಾದರೆ ಕಣ್ಣುಮುಚ್ಚಿ ಹಿಡಿಯುವವನು ನಾನು, ನನ್ನ ಹೆಸರಿನ ಕಾಗದ ಓದದೆ ಸಹಿ ಹಾಕಿದೆ. ಮೇ ತಿಂಗಳು, ಸೆಖೆ, ಎಲ್ಲರಿಗೂ ಸರ್ ಲಸ್ಸಿ ತರಿಸಿದ್ದರು. ಅದು ಮಾತ್ರ ಚೆನ್ನಾಗಿ ನೆನಪಿದೆ.

ಬಿಟ್ಟಿದ್ದು ಯಾಕೆ ಅಂದರೆ ದೊಡ್ಡ ಕಾರಣ ಏನೂ ಇಲ್ಲ. ಹನ್ನೊಂದು ವರ್ಷದ ಮೇಲೆ ಸಂಬಳ ಹದಿನೆಂಟೂವರೆ ಸಾವಿರ. ಸರ್ ಮಗ ಸಿಎ ಮುಗಿಸಿ ಬೆಂಗಳೂರಿಂದ ಬಂದ, ನನ್ನ ಟೇಬಲ್ಲು ಕಿಟಕಿ ಹತ್ತಿರದಿಂದ ಒಳಗಿನ ಗೋಡೆ ಪಕ್ಕಕ್ಕೆ ಹೋಯಿತು. ನಾನೂ ಬಿಕಾಂ ಮಾಡಿ ಜಿಎಸ್‌ಟಿ ಪ್ರಾಕ್ಟೀಷನರ್ ಅಂತ ನೋಂದಾಯಿಸಿಕೊಂಡಿದ್ದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಕೀ ಕೊಟ್ಟು, ಕಾಲಿಗೆ ಬಿದ್ದು ಬಂದೆ.

ಬಂದ ಹದಿನೈದೇ ದಿನಕ್ಕೆ ಎಪಿಎಂಸಿಯಿಂದ ಒಬ್ಬರು ಅಡಿಕೆ ಮಂಡಿ ಸಾಹುಕಾರರ ಫೋನು.

"ಬಿಟ್ಯಂತೆ?"

"ಹೌದು ಸಾಹುಕಾರ್ರೇ."

"ಮತ್ತೆ ನಂದು ಯಾರು ನೋಡೋದು?"

"ಆಫೀಸಲ್ಲಿ ಸರ್ ಇದಾರೆ, ಹುಡುಗ್ರು ಇದಾರಲ್ಲ."

"ನಿಮ್ಮ ಸರ್ ಮುಖ ನೋಡಿ ನಾಲ್ಕು ವರ್ಷ ಆಯ್ತು. ನಮ್ಮಲ್ಲಿ ರಾಶಿ ಅಡಿಕೆ ಯಾವುದು, ಗೊರಬಲು ಅಡಿಕೆ ಯಾವುದು ಅಂತ ಗೊತ್ತಾ ಅವರಿಗೆ?"

"ಕರಾರಿದೆ ಸಾಹುಕಾರ್ರೇ. ನಾನು ನಿಮ್ಮ ಕೆಲಸ ಮಾಡೋ ಹಾಗಿಲ್ಲ."

"ಯಾರ ಹತ್ರ ಕರಾರು?"

"ಸರ್ ಹತ್ರ."

"ನನ್ನ ಕೇಳಿದ್ರಾ? ನಾನೇನು ಅವರ ಕೊಟ್ಟಿಗೆ ದನನಾ, ಕಣ್ಣಿ ಹಾಕಿ ಕಟ್ಟಕ್ಕೆ?"

ನನಗೆ ಉತ್ತರ ಬರಲಿಲ್ಲ. ಏಳು ವರ್ಷ ಆ ಕಾಗದ ಬೀರುವಿನಲ್ಲಿತ್ತು, ಅದರಲ್ಲಿ ಮೂರನೆಯವನೊಬ್ಬ ಇದ್ದಾನೆ ಅಂತ ನನಗೆ ಹೊಳೆದಿರಲಿಲ್ಲ. ಸರ್ ಮತ್ತು ನಾನು ಸೇರಿ ಅವನನ್ನು ಹಂಚಿಕೊಂಡಿದ್ದೆವು, ಗದ್ದೆ ಹಂಚಿಕೊಂಡ ಹಾಗೆ. ಅವನ ಸಹಿ ಅದರಲ್ಲಿ ಎಲ್ಲೂ ಇರಲಿಲ್ಲ.

ಹೆಂಡತಿಯ ಸೋದರಮಾವ ಶಿವಮೊಗ್ಗದಲ್ಲೇ ವಕೀಲರು. ಕಾಗದ ತಗೊಂಡು ಹೋದೆ. ಕನ್ನಡಕ ಏರಿಸಿ ಮೂರು ನಿಮಿಷ ಓದಿ, "ಅಳಿಯಂದ್ರೇ, ಟೈಪಿಂಗ್ ಚೆನ್ನಾಗಿದೆ" ಅಂದರು. ಆಮೇಲೆ ಕಪಾಟಿನಿಂದ ಕರಾರು ಕಾಯ್ದೆ ತೆಗೆದರು. 1872ರ ಕಾಯ್ದೆ, 27ನೇ ಸೆಕ್ಷನ್. ಕಾನೂನುಬದ್ಧವಾದ ಯಾವುದೇ ವೃತ್ತಿ, ವ್ಯಾಪಾರ, ಉದ್ಯಮ ಮಾಡದಂತೆ ಒಬ್ಬನನ್ನು ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ಒಂದೇ ವಾಕ್ಯ. ಅಪವಾದವೂ ಒಂದೇ: ವ್ಯಾಪಾರವನ್ನು ಗುಡ್‌ವಿಲ್ ಸಮೇತ ಮಾರಿದವನು, ಕೊಂಡವನ ಪಕ್ಕದಲ್ಲೇ ಅದೇ ವ್ಯಾಪಾರ ಹೂಡದಂತೆ ತಡೆಯಬಹುದು. ನಮ್ಮೂರಲ್ಲಿ ಗುಡ್‌ವಿಲ್ ಅಂದರೆ ಅಂಗಡಿ ಬಾಡಿಗೆ ಹಿಡಿಯುವಾಗ ಅಡ್ವಾನ್ಸಿನ ಮೇಲೆ ಕೈಯಲ್ಲಿ ಕೊಡುವ ದುಡ್ಡು ಅಂತಲೇ ಎಲ್ಲರ ತಿಳಿವಳಿಕೆ. ಕಾಯ್ದೆ ಹೇಳುವುದು ಹೆಸರನ್ನು, ಬಳಕೆಯ ಗಿರಾಕಿಯನ್ನು. ನಡೆಯುವ ಹೋಟೆಲು ಮಾರಿ ಎದುರಿಗೇ ಇನ್ನೊಂದು ತೆಗೆದರೆ ಕೊಂಡವನಿಗೆ ಮೋಸ, ಸರಿ. ಆದರೆ ನಾನು ಏನು ಮಾರಿದ್ದೆ? ಹನ್ನೊಂದು ವರ್ಷದ ಹಗಲು ಮಾರಿದ್ದೆ, ಅದಕ್ಕೆ ಸಂಬಳ ಬಂದಿತ್ತು, ಅಲ್ಲಿಗೆ ಮುಗಿಯಿತು.

ಇಂಗ್ಲೆಂಡಿನ ಕೋರ್ಟುಗಳು ಇಂಥ ಷರತ್ತನ್ನು ತೂಗಿ ನೋಡುತ್ತವೆ. ಎಷ್ಟು ತಿಂಗಳು, ಎಷ್ಟು ದೂರ, ಮಾಲೀಕನಿಗೆ ನಿಜವಾಗಿ ಕಾಪಾಡಿಕೊಳ್ಳುವಂಥದು ಏನಾದರೂ ಇದೆಯಾ ಅಂತ. ನಮ್ಮ ಸೆಕ್ಷನ್ ಆ ತಕ್ಕಡಿಯನ್ನೇ ಕೈಗೆ ಕೊಡುವುದಿಲ್ಲ. ಆಳಿದವರು ಇಂಗ್ಲಿಷರೇ ಆದರೂ ಈ ವಾಕ್ಯ ಬಂದದ್ದು ಅಮೆರಿಕದಿಂದ, ನ್ಯೂಯಾರ್ಕಿನ ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲ ತಯಾರಿಸಿದ ಸಂಹಿತೆಯ ಕರಡಿನಿಂದ. ನ್ಯೂಯಾರ್ಕ್ ಅದನ್ನು ಒಪ್ಪಲಿಲ್ಲ. ಒಪ್ಪಿಕೊಂಡ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾ ಒಂದು, ಅದೂ ಅದೇ 1872ರಲ್ಲಿ. ಸಿಲಿಕಾನ್ ಕಣಿವೆಯಲ್ಲಿ ಬೆಳಗ್ಗೆ ಒಂದು ಕಂಪನಿ ಬಿಟ್ಟವನು ಮಧ್ಯಾಹ್ನ ಎದುರು ಕಟ್ಟಡಕ್ಕೆ ಸೇರುವುದಕ್ಕೂ, ಬೆಂಗಳೂರಿನವನು ಹೊರವರ್ತುಲ ರಸ್ತೆಯಲ್ಲಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ದಾಟುವುದಕ್ಕೂ ಕಾನೂನಿನ ಬೇರು ಒಂದೇ. ಇದು ಗೊತ್ತಾದ ದಿನ ನನಗೆ ಯಾಕೋ ಬಹಳ ಖುಷಿಯಾಯಿತು.

ಮಾವ ಇನ್ನೊಂದು ಕೇಸು ಹೇಳಿದರು, ಕಲ್ಕತ್ತೆಯದು, 1874ರದು. ಒಂದೇ ಕೇರಿಯಲ್ಲಿ ಹಿತ್ತಾಳೆ ಪಾತ್ರೆ ವ್ಯಾಪಾರದವರ ಪೈಪೋಟಿ. ಒಂದು ಕಡೆಯವರು ಇನ್ನೊಬ್ಬನಿಗೆ, "ಈ ಕೇರಿಯ ಅಂಗಡಿ ಮುಚ್ಚು, ನೀನು ಕೆಲಸಗಾರರಿಗೆ ಕೊಟ್ಟ ಮುಂಗಡದ ದುಡ್ಡು ನಾವು ಕಟ್ಟಿಕೊಡುತ್ತೇವೆ" ಅಂದರು. 900 ರೂಪಾಯಿ. ಅವನು ಮುಚ್ಚಿದ. ಇವರು ಕೊಡಲಿಲ್ಲ. ದಾವಾ ಹೂಡಿದ. ಹೈಕೋರ್ಟು 27ನೇ ಸೆಕ್ಷನ್ ತೋರಿಸಿ, ಇಂಥ ಕರಾರಿಗೆ ಬೆಲೆಯೇ ಇಲ್ಲ, ಆದ್ದರಿಂದ ದುಡ್ಡೂ ಇಲ್ಲ ಅಂದಿತು. ಪಾಪ, ಅಂಗಡಿಯೂ ಹೋಯಿತು, ಒಂಬೈನೂರೂ ಹೋಯಿತು. ನಿಮ್ಮ ಸ್ವಾತಂತ್ರ್ಯ ಕಾಪಾಡುವ ಸೆಕ್ಷನ್ನಿನ ಬೋಣಿ ಹೀಗಾಯಿತು ನೋಡಿ ಅಂತ ಮಾವ ನಕ್ಕರು.

ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಸೂಪರಿಂಟೆಂಡೆನ್ಸ್ ಕಂಪನಿ ಆಫ್ ಇಂಡಿಯಾ ಅಂತ, ಸರಕಿನ ಗುಣಮಟ್ಟ ತೂಕ ತಪಾಸಣೆ ಮಾಡುವ ಕಲ್ಕತ್ತೆಯ ಕಂಪನಿ. ಅದರ ದೆಹಲಿ ಶಾಖೆಯ ಮ್ಯಾನೇಜರ್ ಕೃಷನ್ ಮುರ್ಗಾಯಿ ಅವರನ್ನು ಕಂಪನಿ ತೆಗೆದುಹಾಕಿತು, ಅವರು ದೆಹಲಿಯಲ್ಲೇ ಅದೇ ಕೆಲಸದ ಸ್ವಂತ ವ್ಯವಹಾರ ಶುರು ಮಾಡಿದರು. ಕಂಪನಿ ಬಿಟ್ಟ ಮೇಲೆ ಎರಡು ವರ್ಷ ಹಾಗೆ ಮಾಡಬಾರದು ಅಂತ ಷರತ್ತು. 1980ರಲ್ಲಿ ಸುಪ್ರೀಂ ಕೋರ್ಟು ಮುರ್ಗಾಯಿ ಪರವಾಗಿ ತೀರ್ಪು ಕೊಟ್ಟಿತು. ಆದರೆ ಹೇಗೆ? ನ್ಯಾಯಮೂರ್ತಿ ಎ. ಪಿ. ಸೆನ್ ಅವರು 27ನೇ ಸೆಕ್ಷನ್ ಹಿಡಿದು ಷರತ್ತೇ ಅನೂರ್ಜಿತ ಅಂತ ವಿಸ್ತಾರವಾಗಿ ಬರೆದರು. ಉಳಿದ ಇಬ್ಬರು ಅಷ್ಟು ದೂರ ಹೋಗಲೇ ಇಲ್ಲ. ಷರತ್ತಿನಲ್ಲಿರುವುದು "ಬಿಟ್ಟರೆ" ಅಂತ, ಇವರು ಬಿಟ್ಟಿಲ್ಲ, ಇವರನ್ನು ಬಿಡಿಸಿದ್ದಾರೆ, ಆದ್ದರಿಂದ ಷರತ್ತು ಇವರಿಗೆ ತಾಗುವುದಿಲ್ಲ ಅಂದರು. ಕನ್ನಡದಲ್ಲಿ ಇದು ಎಷ್ಟು ಸಲೀಸಾಗಿ ಕೂರುತ್ತದೆ! ಬಿಟ್ಟ, ಬಿಡಿಸಿದರು. ಕಿಟಕಿಯಿಂದ ಗೋಡೆ ಪಕ್ಕಕ್ಕೆ ಟೇಬಲ್ಲು ಸರಿಸಿದ್ದನ್ನು ಎರಡರಲ್ಲಿ ಯಾವುದಕ್ಕೆ ಸೇರಿಸೋಣ ಅಂತ ಮಾವನನ್ನು ಕೇಳಿದೆ. ಅವರು ಪುಸ್ತಕ ಮುಚ್ಚಿದರು.

ಕೆಲಸದಲ್ಲಿ ಇರುವಾಗಿನ ಮಾತು ಬೇರೆ. ಕಲ್ಯಾಣದ ಸೆಂಚುರಿ ಕಾರ್ಖಾನೆಯ ಶಿಫ್ಟ್ ಸೂಪರ್‌ವೈಸರ್ ಗೋಲಿಕರಿ ಐದು ವರ್ಷದ ಕರಾರಿನ ನಡುವೆಯೇ ಪೈಪೋಟಿಯ ಕಾರ್ಖಾನೆಗೆ ಹೋದಾಗ 1967ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರ ನಿಂತಿತು. ನಮ್ಮ ವಿಜಯಾ ಬ್ಯಾಂಕಿನ ಕೇಸಂತೂ ಈಚಿನದು. ಮೂರು ವರ್ಷ ತುಂಬುವ ಮೊದಲೇ 2009ರಲ್ಲಿ ಬಿಟ್ಟ ಅಧಿಕಾರಿ ಎರಡು ಲಕ್ಷ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟು ಅವರ ಪರ ಹೇಳಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಆ ಬಾಂಡು ಊರ್ಜಿತ ಅಂದಿತು. ಅಷ್ಟರಲ್ಲಿ ವಿಜಯಾ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿ ಆರು ವರ್ಷ ಆಗಿತ್ತು.

ಮಾವನ ಮನೆಯಿಂದ ಹೊರಟಾಗ ನಾನು ಗೆದ್ದವನ ಹಾಗೆ ನಡೆದು ಬರಬೇಕಿತ್ತು. ಐದು ಲಕ್ಷ ಇಲ್ಲ, ಮೂರು ವರ್ಷ ಇಲ್ಲ. ಕಾಗದ ಬರೀ ಕಾಗದ. ಆದರೂ ಸಾಹುಕಾರರಿಗೆ ಹೂಂ ಅನ್ನಲು ನನಗೆ ಆರು ತಿಂಗಳು ಬೇಕಾಯಿತು. ಆ ಆರು ತಿಂಗಳು ತಡೆದದ್ದು ಕಾಗದ ಅಲ್ಲ.

ನಮ್ಮ ಅಮ್ಮನಿಗೆ ವಿಷಯ ಹೇಳಿದಾಗ ಅವರು ಸೆಕ್ಷನ್ ಕೇಳಲಿಲ್ಲ. "ಉಂಡ ಮನೆ ಜಂತೆ ಎಣಿಸಬಾರದು ಕಣೋ" ಅಂದರು. ಅಷ್ಟೇ. ನಮ್ಮ ಕಡೆ ಇದಕ್ಕೆ ಅಪವಾದ ಇಲ್ಲ, ಅವಧಿ ಇಲ್ಲ, ಜಿಲ್ಲೆಯ ಗಡಿ ಇಲ್ಲ, ಛಾಪಾ ಕಾಗದದ ಖರ್ಚೂ ಇಲ್ಲ. ಕರಾರು ಬರೆಸಿಕೊಳ್ಳುವ ಮಾಲೀಕರಲ್ಲಿ ಅರ್ಧ ಮಂದಿಗೆ ಅದು ಕೋರ್ಟಲ್ಲಿ ನಿಲ್ಲುವುದಿಲ್ಲ ಅಂತ ಗೊತ್ತೇ ಇರುತ್ತದೆ ಅಂತ ನನ್ನ ಗುಮಾನಿ. ಅವರು ನಂಬಿಕೊಂಡಿರುವುದು ಈ ಗಾದೆಯನ್ನು. ಕಾಗದ ಬರೀ ಅದರ ನೆನಪೋಲೆ.

ಕಾಗದ ಸತ್ತರೂ ಭಯ ಸಾಯುವುದಿಲ್ಲ ಅನ್ನುವುದು ಕ್ಯಾಲಿಫೋರ್ನಿಯಾದವರಿಗೂ ಗೊತ್ತಾದ ಹಾಗಿದೆ. ನನ್ನ ಚಿಕ್ಕಪ್ಪನ ಮಗ ಅಲ್ಲಿದ್ದಾನೆ. 2024ರ ಫೆಬ್ರವರಿಯಲ್ಲಿ ಅವನಿಗೆ ಹಿಂದಿನ ಕಂಪನಿಯಿಂದ ಒಂದು ಪತ್ರ ಬಂತು: ನೀವು ಸಹಿ ಹಾಕಿದ ಕರಾರಿನಲ್ಲಿರುವ ಪೈಪೋಟಿ ನಿಷೇಧದ ಷರತ್ತು ಅನೂರ್ಜಿತ, ಅದಕ್ಕೆ ನೀವು ಬದ್ಧರಲ್ಲ. ಹಿಂದಿನ ವರ್ಷ ಅಲ್ಲಿ ಹೊಸ ಕಾನೂನು ಮಾಡಿ, ಇಂಥ ಸತ್ತ ಷರತ್ತು ಬರೆಸಿಕೊಂಡಿರುವ ಮಾಲೀಕರೆಲ್ಲ ಫೆಬ್ರವರಿ 14ರ ಒಳಗೆ ನೌಕರರಿಗೆ, ಬಿಟ್ಟುಹೋದವರಿಗೂ, ಪತ್ರ ಬರೆದು ತಿಳಿಸಬೇಕು ಅಂದಿದ್ದರು. ನೂರೈವತ್ತು ವರ್ಷದಿಂದ ಬೆಲೆ ಇಲ್ಲದ ಷರತ್ತು, ಆದರೂ ಬರೆಸಿಕೊಳ್ಳುವುದು ನಿಂತಿರಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿಗೆ ಅವನು ಅದರ ಫೋಟೋ ಹಾಕಿ, "ಪ್ರೇಮಿಗಳ ದಿನದ ಗ್ರೀಟಿಂಗ್" ಅಂತ ಬರೆದಿದ್ದ. ನಮ್ಮಲ್ಲಿ ಇಂಥ ಪತ್ರ ಬರೆಸುವ ಕಾನೂನಿಲ್ಲ. 2022ರಲ್ಲಿ ಇನ್ಫೋಸಿಸ್ ಕರಾರಿನ ಷರತ್ತಿನ ಮೇಲೆ ನೈಟ್ಸ್ ಅನ್ನುವ ಐಟಿ ನೌಕರರ ಸಂಘಟನೆ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತ್ತು. ಕಡೆಯ 12 ತಿಂಗಳಲ್ಲಿ ಯಾವ ಗ್ರಾಹಕ ಕಂಪನಿಯ ಕೆಲಸ ಮಾಡಿದ್ದರೋ, ಬಿಟ್ಟ ಮೇಲೆ ಆರು ತಿಂಗಳು ಅಲ್ಲಿ ಕೆಲಸಕ್ಕೆ ಸೇರಬಾರದು ಅಂತ ಷರತ್ತು. ಬೆಂಗಳೂರಿನ ಗಾಜಿನ ಕಟ್ಟಡಕ್ಕೂ ನಮ್ಮ ದುರ್ಗಿಗುಡಿಯ ಆಫೀಸಿಗೂ ಒಂದೇ ಚಿಂತೆ. ಎದುರಾಳಿ ಕಂಪನಿಗೆ ಹೋದರೆ ಹೋಗಲಿ, ಪಾರ್ಟಿ ಮಾತ್ರ ಹೋಗಬಾರದು.

ಗಾದೆಗೆ ಬರುತ್ತೇನೆ. ಲೆಕ್ಕಿಗನಾದ ನನಗೆ ಅದು ಸುಲಭಕ್ಕೆ ಜೀರ್ಣ ಆಗಲಿಲ್ಲ. ಜಂತೆ ಎಣಿಸುವುದೇ ನನ್ನ ಕೆಲಸ ಆಗಿತ್ತಲ್ಲ? ಹನ್ನೊಂದು ವರ್ಷ ಅದಕ್ಕೇ ತಾನೇ ಸಂಬಳ ಕೊಟ್ಟದ್ದು? ಯಾವ ಪಾರ್ಟಿ ಬಿಲ್ಲು ತಡವಾಗಿ ಕೊಡುತ್ತಾನೆ, ಯಾರ ಹತ್ತಿರ ಫೀಸು ಕೇಳುವ ಮೊದಲು ಮಗಳ ಓದು ವಿಚಾರಿಸಬೇಕು, ಯಾರು ಬೆಳಗ್ಗೆ ಹನ್ನೊಂದರ ಮೊದಲು ಫೋನ್ ಎತ್ತುವುದಿಲ್ಲ, ಇವು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ನನ್ನ ತಲೆಯಲ್ಲಿದ್ದವು. ಎಣಿಸು ಅಂತ ಹೇಳಿ, ಎಣಿಸಿದ್ದನ್ನು ಮರೆತುಬಿಡು ಅಂದರೆ ಹೇಗೆ? ಮತ್ತೆ ಉಂಡದ್ದು ಯಾರು, ಬಡಿಸಿದ್ದು ಯಾರು ಅನ್ನುವುದೂ ಅಷ್ಟು ಸರಳ ಇಲ್ಲ. ಆ ಮನೆಯ ಊಟಕ್ಕೆ ನಾನೂ ಅಕ್ಕಿ ಹಾಕಿದ್ದೇನೆ.

ಹೀಗೆಲ್ಲ ವಾದ ಮಾಡಿಕೊಳ್ಳುವಾಗ ಇನ್ನೊಂದು ನೆನಪಾಗಿ ಬಾಯಿ ಕಟ್ಟುತ್ತಿತ್ತು. ನಾನು ಸೇರಿದ ವರ್ಷ ವಾಣಿಜ್ಯ ತೆರಿಗೆ ಕಚೇರಿಯ ಮೆಟ್ಟಿಲು ಹತ್ತಲು ಕಾಲು ನಡುಗುತ್ತಿದ್ದವು. ಸರ್ ಹೆಗಲ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋಗಿ, "ನಮ್ಮ ಹುಡುಗ, ಇನ್ನು ಮೇಲೆ ಇವನೇ ಬರ್ತಾನೆ" ಅಂದರು. ನನಗೆ ಆ ಬಾಗಿಲು ತೆರೆದದ್ದು ಆ ಕೈ. ತಂಗಿ ಮದುವೆಗೆ ನಲವತ್ತು ಸಾವಿರ ಕೊಟ್ಟರು, ಸಂಬಳದಲ್ಲಿ ಮುರಿದುಕೊಂಡರು, ಬಡ್ಡಿ ಮಾತೆತ್ತಲಿಲ್ಲ. ಯಾವ ಸೆಕ್ಷನ್ನಿನ ಅಡಿಯಲ್ಲಿ ಇದನ್ನು ಅನೂರ್ಜಿತ ಮಾಡಲಿ?

ನನ್ನ ತಪ್ಪೂ ಹೇಳಬೇಕು. ಬಿಡುವ ಮೊದಲಿನ ಶನಿವಾರ ಎಲ್ಲರೂ ಮನೆಗೆ ಹೋದ ಮೇಲೆ ಹನ್ನೊಂದು ಪಾರ್ಟಿಗಳ ಲೆಕ್ಕದ ಟ್ಯಾಲಿ ಬ್ಯಾಕಪ್ಪನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ. ಪಾಸ್‌ವರ್ಡು ಕದಿಯುವ ಅಗತ್ಯವೇ ಇರಲಿಲ್ಲ, ಎಲ್ಲವೂ ಅಂಗಡಿ ಹೆಸರು, ಅಟ್, 1234. "ಪಾರ್ಟಿಯ ಲೆಕ್ಕ ಪಾರ್ಟಿಯದೇ ತಾನೆ, ನಾಳೆ ಅವರು ಕೇಳಿದರೆ?" ಅಂತ ನನಗೆ ನಾನೇ ಹೇಳಿಕೊಂಡೆ. ಯಾರೂ ಕೇಳಿರಲಿಲ್ಲ. ಮಾವನಿಗೆ ಹೇಳಿದಾಗ ಮೊದಲ ಸಲ ಅವರ ಮುಖ ಗಂಭೀರ ಆಯಿತು. ದೆಹಲಿಯಲ್ಲಿ ದಿಲ್ಜೀತ್ ಟೈಟಸ್ ಅವರ ಕಾನೂನು ಸಂಸ್ಥೆ ಬಿಟ್ಟ ಕೆಲವು ವಕೀಲರು ಅಲ್ಲಿನ ಕಂಪ್ಯೂಟರಿನಿಂದ ಕಕ್ಷಿದಾರರ ಪಟ್ಟಿ, ಕರಡು, ಅಭಿಪ್ರಾಯ ಪತ್ರ ಎಲ್ಲ ನಕಲು ಮಾಡಿಕೊಂಡು ಹೋದದ್ದು, 2006ರಲ್ಲಿ ಹೈಕೋರ್ಟು ಅವನ್ನು ಬಳಸಬೇಡಿ ಅಂತ ತಡೆಯಾಜ್ಞೆ ಕೊಟ್ಟದ್ದು ಹೇಳಿದರು. ವಕಾಲತ್ತು ಮಾಡಬೇಡಿ ಅನ್ನಲಿಲ್ಲ. ತಲೆಯಲ್ಲಿರುವುದು ನಿಮ್ಮದು, ಪೆಟ್ಟಿಗೆಯಲ್ಲಿರುವುದು ಅಲ್ಲ. ಜಂತೆ ಎಣಿಸಿಕೊಂಡು ಬರುವುದು ಒಂದು, ಜಂತೆಯನ್ನೇ ಕಿತ್ತುಕೊಂಡು ಬರುವುದು ಇನ್ನೊಂದು. ಪೆನ್‌ಡ್ರೈವು ಫಾರ್ಮ್ಯಾಟ್ ಮಾಡಿದೆ. ಸರ್‌ಗೆ ಇವತ್ತಿಗೂ ಅದು ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಆಮೇಲೆ ಎಲ್ಲವೂ ಪಾರ್ಟಿಯ ಕೈಯಿಂದಲೇ ಆಗಲಿ ಅಂತ ನಿಶ್ಚಯಿಸಿದೆ. ಸಾಹುಕಾರರು ತಮ್ಮ ಪುಸ್ತಕ ಕೇಳಲು ಹೋದರೆ ಹಳೇ ಫೀಸು ಬಾಕಿ ಇದೆ, ಕಟ್ಟಿ ತಗೊಂಡು ಹೋಗಿ ಅಂದರಂತೆ. ಬಾಕಿ ಇದ್ದದ್ದು ನಿಜ, ಒಂಬತ್ತು ಸಾವಿರ. ಸಾಹುಕಾರರು ಕಟ್ಟಿದರು, ಬೈದುಕೊಂಡು ಕಟ್ಟಿದರು. ಫೀಸು ಬಾಕಿಗೆ ಫೈಲು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ಫೈಲು ಹಿಡಿದಿಟ್ಟುಕೊಂಡ ಸಕ್ಸೇನಾ ಎಂಬ ವಕೀಲರಿಗೆ ಛೀಮಾರಿ ಹಾಕಿತ್ತು. ನಾವು ವಕೀಲರಲ್ಲ, ಆದರೆ ಆ ತೀರ್ಪು ನಮ್ಮ ಲೈನಿನವರೂ ಗೋಡೆಗೆ ಹಾಕಿಕೊಳ್ಳುವಂಥದು.

ಸಿಎಗಳಿಗೆ ಇನ್ನೊಂದು ಕಟ್ಟಳೆ ಇದೆ, ನನಗೆ ಬಹಳ ಇಷ್ಟ. 1949ರ ಕಾಯ್ದೆಯಲ್ಲಿ, ಇನ್ನೊಬ್ಬ ಸಿಎ ನೋಡುತ್ತಿದ್ದ ಆಡಿಟ್ಟನ್ನು ಒಪ್ಪಿಕೊಳ್ಳುವ ಮೊದಲು ಅವರಿಗೆ ಲಿಖಿತವಾಗಿ ತಿಳಿಸಬೇಕು. ಒಪ್ಪಿಗೆ ಪಡೆಯಬೇಕು ಅಂತಿಲ್ಲ, ತಿಳಿಸಬೇಕು. ಜನ ಅದನ್ನು ಎನ್‌ಓಸಿ ಅಂತ ಮಾಡಿಕೊಂಡಿದ್ದಾರೆ. ನಾನು ಸಿಎ ಅಲ್ಲ, ನನಗೆ ಅನ್ವಯಿಸುವುದಿಲ್ಲ. ಆದರೂ ಹಳೇ ಆಫೀಸಿನಿಂದ ಬಂದ ಒಂದೊಂದು ಪಾರ್ಟಿಗೂ ಸರ್‌ಗೆ ಒಂದೊಂದು ರಿಜಿಸ್ಟರ್ಡ್ ಪೋಸ್ಟು ಹಾಕಿದೆ. "ಮಾನ್ಯರೇ, ಇಂಥವರು ತಮ್ಮ ಲೆಕ್ಕಪತ್ರದ ಕೆಲಸ ನನಗೆ ವಹಿಸಲು ಬಯಸಿದ್ದಾರೆ, ತಮ್ಮ ಗಮನಕ್ಕೆ." ಎರಡು ವರ್ಷದಲ್ಲಿ ಹದಿನಾಲ್ಕು ಪತ್ರ. ಹದಿನಾಲ್ಕು ಸ್ವೀಕೃತಿ ಕಾರ್ಡು ವಾಪಸು ಬಂದವು, ಎಲ್ಲದರ ಮೇಲೂ ಸರ್ ಮಗನ ಸಹಿ. ಉತ್ತರ ಒಂದಕ್ಕೂ ಇಲ್ಲ. ಹೆಂಡತಿ ಆ ಕಾರ್ಡುಗಳಿಗೆ ರಬ್ಬರ್‌ಬ್ಯಾಂಡ್ ಹಾಕಿ ದೇವರ ಗೂಡಿನ ಕೆಳಗೆ ಇಟ್ಟಿದ್ದಾಳೆ.

ಕರೆದು ಬಂದವರಾ, ತಾವಾಗೇ ಬಂದವರಾ? ಈ ಪ್ರಶ್ನೆಗೆ ಮಾತ್ರ ನಾನು ಇವತ್ತಿಗೂ ಸರಿಯಾಗಿ ಉತ್ತರ ಕೊಡಲಾರೆ. ನಾನು ಯಾರ ಅಂಗಡಿಗೂ ಹೋಗಿ ಬನ್ನಿ ಅಂದಿಲ್ಲ. ಆದರೆ ಕೆಲಸ ಬಿಟ್ಟ ಆರನೇ ದಿನ ಯುಗಾದಿ. ಮೊಬೈಲಿನಲ್ಲಿದ್ದ ಎಲ್ಲರಿಗೂ ಬೇವು ಬೆಲ್ಲದ ಚಿತ್ರ ಹಾಕಿ, ಶುಭಾಶಯದ ಕೆಳಗೆ, "ಅಕ್ಷಯ ತೃತೀಯದಂದು ಹೊಸ ಕಚೇರಿಯ ಪೂಜೆ, ತಾವು ಬಂದು ಆಶೀರ್ವದಿಸಬೇಕು" ಅಂತ ಬರೆದಿದ್ದೆ. ಎಲ್ಲರಿಗೂ ಅಂದರೆ ಅತ್ತೆ ಮಾವ, ಹಾಲಿನವನು, ಗ್ಯಾಸಿನವನು, ಜತೆಗೆ ಅರವತ್ತು ಪಾರ್ಟಿ. ಅದು ಕರೆದದ್ದಾ? ಪೂಜೆಗೆ ಕರೆದೆ, ಲೆಕ್ಕಕ್ಕೆ ಕರೆಯಲಿಲ್ಲ ಅಂತ ಹೇಳಬಹುದು. ಹೇಳಿದರೆ ನನಗೇ ನಗು ಬರುತ್ತದೆ. ಲಾಸ್ ಏಂಜಲೀಸಿನಲ್ಲಿ ಆರ್ಥರ್ ಆಂಡರ್ಸನ್ ಅನ್ನುವ ಆಡಿಟ್ ಕಂಪನಿಯ ತೆರಿಗೆ ವಿಭಾಗದ ಮ್ಯಾನೇಜರ್ ಒಬ್ಬರಿಗೆ ಇಂಥದೇ ಎರಡು ಷರತ್ತು ಹಾಕಿದ್ದರು: ತಾನು ಕೆಲಸ ಮಾಡಿಕೊಟ್ಟ ಪಾರ್ಟಿಗಳ ಕೆಲಸ ಹದಿನೆಂಟು ತಿಂಗಳು ಮಾಡುವ ಹಾಗಿಲ್ಲ, ತನ್ನ ಆಫೀಸಿನ ಯಾವ ಪಾರ್ಟಿಯನ್ನೂ ಒಂದು ವರ್ಷ ಕರೆಯುವ ಹಾಗಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸುಪ್ರೀಂ ಕೋರ್ಟು ಎರಡನ್ನೂ ತಳ್ಳಿಹಾಕಿತು. ತೆರಿಗೆಯವನೇ, ಪಾರ್ಟಿಯ ವಿಷಯವೇ, ಬಹುಶಃ ನನ್ನ ಹಾಗೇ ಹಳೇ ಫೋನ್ ಪುಸ್ತಕ ಇಟ್ಟುಕೊಂಡು ಕೂತವನೇ. ಆ ತೀರ್ಪಿನ ವಿಷಯ ಓದಿದಾಗ ಸಮಾಧಾನ ಆಯಿತು, ಬೇವು ಬೆಲ್ಲದ ಚಿತ್ರ ಮಾತ್ರ ಹಾಗೇ ಚುಚ್ಚುತ್ತಿರುತ್ತದೆ.

ಈಗ ನನ್ನ ಹತ್ತಿರ ಇಬ್ಬರು ಕೆಲಸಕ್ಕಿದ್ದಾರೆ. ಒಬ್ಬಳು ಚುರುಕು, ಸಿಎ ಇಂಟರ್ ಓದುತ್ತಿದ್ದಾಳೆ, ಒಂದು ದಿನ ಹೋಗುತ್ತಾಳೆ. ಕರಾರು ಬರೆಸಿಲ್ಲ. ಮೊದಲ ದಿನವೇ ಹೇಳಿದ್ದು ಒಂದೇ, ಪಾರ್ಟಿಯ ನಂಬರು ಕೇಳುವ ಜಾಗದಲ್ಲಿ ಪಾರ್ಟಿಯ ನಂಬರೇ ಹಾಕಬೇಕು, ಅವರು ಎಷ್ಟು ಗೊಣಗಿದರೂ ಸರಿ. ಉದಾರಿ ಅಂದುಕೊಳ್ಳಬೇಡಿ. ಅವಳು ಸಾಹುಕಾರರ ಜತೆ ಫೋನಿನಲ್ಲಿ ನಗುತ್ತ ಮಾತಾಡುವಾಗ ನನ್ನ ಕೈ ಕೀಬೋರ್ಡಿನ ಮೇಲೆ ನಿಲ್ಲುತ್ತದೆ, ಕಿವಿ ಆ ಕಡೆ ಹೋಗುತ್ತದೆ. ಸರ್‌ಗೂ ಹೀಗೇ ಆಗುತ್ತಿತ್ತೇನೋ. ಆಗೆಲ್ಲ ಅವರು ಯಾಕೆ ಸುಮ್ಮಸುಮ್ಮನೆ ನನ್ನ ಟೇಬಲ್ಲಿನ ಹತ್ತಿರ ಬಂದು ಕ್ಯಾಲೆಂಡರು ನೋಡುತ್ತಿದ್ದರು ಅಂತ ಈಗ ಗೊತ್ತಾಗುತ್ತಿದೆ.

ಆ ಎಂಟು ನಂಬರುಗಳಲ್ಲಿ ಏಳು ಬದಲಾದವು. ಒಂದು ಉಳಿದಿದೆ. ಅದು ಸರ್ ಭಾವಮೈದುನನ ಹಾರ್ಡ್‌ವೇರ್ ಅಂಗಡಿ, ನನ್ನ ಹತ್ತಿರ ಬರುವ ಪಾರ್ಟಿ ಅಲ್ಲ. ನಂಬರು ಬದಲಿಸಿ ಅಂತ ನಾನು ಹುಡುಗರಿಗೆ ಎಷ್ಟೋ ಸಲ ಹೇಳಿದ್ದೇನೆ, ಅವರು ಹೂಂ ಅಂದಿದ್ದಾರೆ, ಆ ಹುಡುಗರೇ ಮೂರು ಸಲ ಬದಲಾಗಿದ್ದಾರೆ. ಅಣ್ಣಾ ಅನ್ನುವುದು ಹೋಗಿ ಅಂಕಲ್ ಆಗಿದೆ.

ಕಳೆದ ತಿಂಗಳು 20ನೇ ತಾರೀಕು ಸಂಜೆ ಓಟಿಪಿ ಬಂತು. ಫೋನು ಬರಲಿಲ್ಲ. ಎರಡು ನಿಮಿಷ ಆಯಿತು, ನಾಲ್ಕಾಯಿತು. ಹತ್ತು ನಿಮಿಷದಲ್ಲಿ ಅದು ಸಾಯುತ್ತದೆ, ಮತ್ತೆ ಲೇಟ್ ಫೀ. ನಾನೇ ಮಾಡಲಾ ಅಂತ ಕೈಯಲ್ಲಿ ಹಿಡಿದುಕೊಂಡೆ. ಅಷ್ಟರಲ್ಲಿ ರಿಂಗಾಯಿತು. ಹುಡುಗನ ನಂಬರಲ್ಲ. ಏಳು ವರ್ಷಗಳಿಂದ ಒಮ್ಮೆಯೂ ಬರದೆ ಇದ್ದ ಹೆಸರು ಪರದೆಯ ಮೇಲೆ.

"ಬಂತೇನಪ್ಪಾ?"

"ಬಂದಿದೆ ಸರ್."

"ಹೇಳು."

ಹೇಳಿದೆ. ನಾಲ್ಕು, ಸೊನ್ನೆ, ಏಳು, ಏಳು, ಒಂದು, ಮೂರು. ಆ ಕಡೆ ಸುಮ್ಮನಾಯಿತು. ಕುರ್ಚಿ ಸರಿದ ಸದ್ದು, ಕಾಗದ ಮಗುಚಿದ ಸದ್ದು.

"ಇನ್ನೊಂದ್ಸಲ ಹೇಳೋ, ನಿಧಾನಕ್ಕೆ. ಕನ್ನಡಕ ಎಲ್ಲೋ ಇಟ್ಟಿದ್ದೀನಿ."